ಬ್ಯಾಟರಿ ಹಗೇವಿನ ಜೋಳವಲ್ಲ

"ಹೊಸಾದೈತಿ ನೋಡ್ರಿ, ಒಂದಿನಾನೂ ಹಚ್ಚಿಲ್ಲ" ಎನ್ನುತ್ತ ಜಮಖಂಡಿ ಕಡೆಯ ಹಿರಿಯರೊಬ್ಬರು ಟಂಟಂನಿಂದ ಬ್ಯಾಟರಿ ಇಳಿಸಿದರು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಮನೆಯೊಳಗೆ ಬಂದದ್ದನ್ನು ಕಂಡವರು. ಮತ್ತೆ ಹೊಳಿ ಬಂದರೆ ಇರಲಿ ಎಂದು 12 ವೋಲ್ಟಿನ, 150 ಎಎಚ್‌ನ (ಆಂಪಿಯರ್-ಅವರ್) ಇನ್ವರ್ಟರ್ ಬ್ಯಾಟರಿ ಕೊಂಡು, ಗೋಣಿಚೀಲ ಹೊದಿಸಿ ಎರಡು ವರ್ಷ ಮೂಲೆಯಲ್ಲಿಟ್ಟಿದ್ದರು. ಮೀಟರ್ ಹಿಡಿದೆ. 10.2 ವೋಲ್ಟ್.

"ಇದು ಹೋಗೇತ್ರಿ ಕಾಕಾ."

"ಬಳಸದs ಹೆಂಗ ಹೋಗತೈತೋ ತಮ್ಮಾ?"

ಹೋಗುತ್ತದೆ. ನೆಲದೊಳಗಿನ ಹಗೇವಿನಲ್ಲಿ ತುಂಬಿದ ಜೋಳ ವರ್ಷ ಕಳೆದರೂ ಜೋಳವೇ. ಸೀಸ-ಆಸಿಡ್ ಬ್ಯಾಟರಿ ಸುಮ್ಮನೆ ಕೂತಲ್ಲೇ ತಿಂಗಳಿಗೆ ನೂರಕ್ಕೆ ಮೂರರಿಂದ ಐದು ಪಾಲು ಚಾರ್ಜ್ ಕಳೆದುಕೊಳ್ಳುತ್ತದೆ. ಹತ್ತು ಡಿಗ್ರಿ ಸೆಕೆ ಏರಿದರೆ ಈ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿ. ನಮ್ಮ ಏಪ್ರಿಲ್-ಮೇ ಬಿಸಿಲು ನಿಮಗೆ ಗೊತ್ತೇ ಇದೆ. ಚಾರ್ಜ್ ಇಳಿದೇ ಉಳಿದರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಯಾವ ಚಾರ್ಜರ್ ಹಚ್ಚಿದರೂ ಅದು ಪೂರ್ತಿ ಕರಗದು.

ಹಾಗಾಗಿ ಬ್ಯಾಟರಿಯನ್ನು ಇನ್ವರ್ಟರಿಗೆ ಹಚ್ಚಿ ದಿನವೂ ದುಡಿಸಿ. ಹಚ್ಚಲು ಆಗದಿದ್ದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಚಾರ್ಜರ್ ತೆಗೆದು ಕೆಲವು ತಾಸು ಬಿಟ್ಟು ಅಳೆದರೆ 12.7ರ ಆಸುಪಾಸು ತುಂಬಿದ ಲೆಕ್ಕ, 12.4ಕ್ಕೆ ಇಳಿಯಿತೆಂದರೆ ಕಾಯಬೇಡಿ. ಬ್ಯಾಟರಿಗೆ ಹಾಕುವ ನೀರು ಡಿಸ್ಟಿಲ್ಡ್ ಮಾತ್ರ. "ಫಿಲ್ಟರ್ ನೀರು ಸ್ವಚ್ಛ ಇರತೈತಲ್ರಿ" ಎಂದು ವಾದಿಸುವವರು ವಾರಕ್ಕೊಬ್ಬರು ಸಿಗುತ್ತಾರೆ. ಕುಡಿಯಲು ಸ್ವಚ್ಛ, ಪ್ಲೇಟಿಗಲ್ಲ.

ಪವರ್ ಬ್ಯಾಂಕಿನ ಲಿಥಿಯಂ ಬ್ಯಾಟರಿ ಇದಕ್ಕೆ ತದ್ವಿರುದ್ಧ. ಬಳಸದೆ ಇಡುವುದಾದರೆ ಅರ್ಧದಷ್ಟೇ ತುಂಬಿ, ತಂಪಾದ ಕಡೆ ಇಡಿ. ಮಳೆಗಾಲ ಶುರುವಾದ ಮೇಲೆ ಪೂರ್ತಿ ತುಂಬಿಕೊಳ್ಳಿ. ತಗಡಿನ ಮನೆಯ ಅಟ್ಟ ಅದಕ್ಕೆ ತಕ್ಕ ಜಾಗವಲ್ಲ. ಕೈಯಲ್ಲಿ ಹಿಡಿಯುವ ಟಾರ್ಚಿನ ಸೆಲ್‌ಗಳನ್ನು ಹೊರತೆಗೆದಿಡಿ, ಸೋರಿದರೆ ಸ್ಪ್ರಿಂಗ್ ತಿಂದುಹಾಕುತ್ತವೆ.

ಇನ್ನು ಲೆಕ್ಕ. 150 ಎಎಚ್ ಅನ್ನು 12 ವೋಲ್ಟಿನಿಂದ ಗುಣಿಸಿದರೆ ಹಾಳೆಯ ಮೇಲೆ 1,800 ವ್ಯಾಟ್-ಅವರ್. ಬಾಳಿಕೆ ಬರಬೇಕಾದರೆ ಅರ್ಧದಷ್ಟೇ ಬಳಸಬೇಕು. ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು ಸುಮಾರು 700. 75 ವ್ಯಾಟಿನ ಒಂದು ಫ್ಯಾನು, 9 ವ್ಯಾಟಿನ ಎರಡು ಬಲ್ಬು ಹಚ್ಚಿದರೆ ಏಳೂವರೆ ತಾಸು, ಅಷ್ಟೇ. ಟಿಸಿ (ಟ್ರಾನ್ಸ್‌ಫಾರ್ಮರ್) ನೀರಲ್ಲಿ ನಿಂತರೆ ವಿದ್ಯುತ್ ಕಂಪನಿ ಹೆಸ್ಕಾಂನವರು ಲೈನ್ ಬಂದ್ ಮಾಡಲೇಬೇಕು. ಕರೆಂಟು ಮರುದಿನ ಬರುವ ಮಾತಲ್ಲ. ಆಗ ಫ್ಯಾನು ಮರೆತು ಬಲ್ಬು, ಮೊಬೈಲಿಗಷ್ಟೇ ಇಟ್ಟುಕೊಳ್ಳಿ. ಜನರೇಟರ್ ಇದ್ದವರು ಅದನ್ನು ಮನೆಯೊಳಗೆ ಹಚ್ಚಬೇಡಿ, ಆ ಹೊಗೆ ಜೀವ ತೆಗೆಯುತ್ತದೆ. ಹೊರಗಿನ ಲೈನ್ ಕಡಿದು ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಕೊಟ್ಟರೆ ಕಂಬದ ಮೇಲಿನ ಲೈನ್‌ಮನ್‌ಗೆ ಶಾಕ್.

ಕಾಕಾಗೆ ಕೊನೆಗೆ ಒಂದೇ ಪ್ರಶ್ನೆ ಕೇಳಿದೆ: ಹಿಂದಿನ ಸಲ ನೀರು ಗೋಡೆಗೆ ಎಲ್ಲಿತನಕ ಬಂದಿತ್ತು? ಎದೆಮಟ್ಟ ತೋರಿಸಿದರು. ಇಷ್ಟು ದೊಡ್ಡ ಟ್ಯೂಬ್ಯುಲರ್ ಬ್ಯಾಟರಿ ಐವತ್ತು ಕಿಲೋ ಮೀರಿ ತೂಗುತ್ತದೆ, ರಾತ್ರಿ ಹೊಳಿ ಏರುವಾಗ ಮಾಳಿಗೆಗೆ ಹೊರುವವರಾರು? ಹೊಸ ಬ್ಯಾಟರಿಯನ್ನು ಆ ಗುರುತಿಗಿಂತ ಮೇಲೆ, ಗಾಳಿಯಾಡುವ ಕಡೆ, ದೇವರ ದೀಪದಿಂದ ದೂರ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ ಬಂದೆ.