ಗರ್ಲ್‌ಫ್ರೆಂಡ್‌ಗೆ ನೋ ಕಾಸ್ಟ್ ಇಎಂಐನಲ್ಲಿ ಮೊಬೈಲ್ ಕೊಡಿಸಿದ್ರೆ ದುಡ್ಡು ಉಳಿಯುತ್ತಾ?

ಪ್ರಶ್ನೆ: ನಮ್ಮೂರು ಮಂಡ್ಯ, ಕೆಲಸ ಮೈಸೂರಿನಲ್ಲಿ. ಕೈಗೆ ಬರುವ ಸಂಬಳ 23,000. ಒಂದು ವರ್ಷದಿಂದ ಒಬ್ಬಳನ್ನು ಪ್ರೀತಿಸುತ್ತಿದ್ದೇನೆ. ಸಿನಿಮಾ, ಹೋಟೆಲ್, ಪೆಟ್ರೋಲ್ ಅಂತ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಅವಳ ಬರ್ತ್‌ಡೇಗೆ ನೋ ಕಾಸ್ಟ್ ಇಎಂಐನಲ್ಲಿ ಮೊಬೈಲ್ ತಗೊಂಡ್ರೆ ಕೈಯಲ್ಲಿರೋ ದುಡ್ಡು ಉಳಿಯುತ್ತೆ ಅಲ್ವಾ ಸಾರ್?

ಉತ್ತರ: ಉಳಿಯುವುದಿಲ್ಲ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ, ನಿಮ್ಮ ಗೆಳೆಯರಿಗೂ ತೋರಿಸಿ.

ತಿಂಗಳ ಖರ್ಚಿನ ಮಾತು ಮೊದಲು ಮುಗಿಸಿಬಿಡೋಣ. ಸಂಬಳ ಬಂದ ದಿನವೇ ಉಳಿಸಬೇಕಾದ ದುಡ್ಡನ್ನು ಬೇರೆ ಕಡೆ ಹಾಕಿ, ಮಿಕ್ಕಿದ್ದರಲ್ಲಿ ತಿರುಗಾಡಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮಾತಾಡಿಕೊಂಡು ಒಂದು ಸುತ್ತು ಹಾಕಿ. ಬೆಟ್ಟವನ್ನು ಮೆಟ್ಟಿಲ ಮೇಲೆ ಹತ್ತಿ ನಂದಿ ಹತ್ತಿರ ಕೂತು ಊರು ನೋಡಿ. ಭಾನುವಾರ ಸಂಜೆ ಅರಮನೆ ದೀಪ ಹೊರಗೆ ನಿಂತೇ ಕಾಣುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟ್ ದುಡ್ಡಿಲ್ಲ, ನಿಮ್ಮೊಬ್ಬರದು ಕೊಟ್ಟರೆ ಸಾಕು. ಹೋಟೆಲ್ ಬಿಲ್ ಒಂದು ಸಲ ನೀವು, ಒಂದು ಸಲ ಅವಳು. ದುಡಿಯುವ ಹುಡುಗಿಯಾದರೆ ಅವಳಿಗೂ ಅದೇ ಇಷ್ಟ ಇರುತ್ತದೆ, ಕೇಳಿ ನೋಡಿ.

ಈಗ ಆ ಮೊಬೈಲ್. ನೋ ಕಾಸ್ಟ್ ಇಎಂಐ ಅಂದರೆ ಬಡ್ಡಿಯೇ ಇಲ್ಲ ಅನ್ನುವ ನಂಬಿಕೆ ಅದೆಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಓದಿದವರು, ಬ್ಯಾಂಕ್ ಪರೀಕ್ಷೆಗೆ ತಯಾರಿ ಮಾಡುವವರು ಕೂಡ ನನ್ನ ಜೊತೆ ವಾದಕ್ಕೆ ಬರುತ್ತಾರೆ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲೇ ಸುತ್ತೋಲೆ ಕಳಿಸಿ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿ ಇದ್ದೇ ಇರುತ್ತದೆ, ಕಾಣದ ಹಾಗೆ ಇಟ್ಟಿರುತ್ತಾರೆ ಅಷ್ಟೇ.

ಲೆಕ್ಕ ಮಾಡೋಣ, ಪೆನ್ನು ತಗೊಳ್ಳಿ. ಮೊಬೈಲ್ ಬೆಲೆ 24,000, ಆರು ಕಂತು, ತಿಂಗಳಿಗೆ 4,000. ಕ್ರೆಡಿಟ್ ಕಾರ್ಡಿನ ಬ್ಯಾಂಕು ವರ್ಷಕ್ಕೆ ಶೇ. 15 ಬಡ್ಡಿ ಹಾಕುತ್ತದೆ ಅಂತ ಇಟ್ಟುಕೊಳ್ಳಿ. ಆಗ ನಿಮ್ಮ ಹೆಸರಿಗೆ ಬರುವ ಸಾಲ ಸುಮಾರು 22,985, ಬಡ್ಡಿ ಸುಮಾರು 1,015. ಆ ಬಡ್ಡಿಯಷ್ಟನ್ನು ಮಾರುವವರು ಬೆಲೆಯಲ್ಲಿ ಡಿಸ್ಕೌಂಟ್ ಅಂತ ಕಳೆದಿರುತ್ತಾರೆ, ಅದಕ್ಕೇ ಒಟ್ಟು ಸರಿಯಾಗಿ 24,000 ಕಾಣುತ್ತದೆ. ಆದರೆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಇದೆ. ಅದು ಸುಮಾರು 183 ರೂಪಾಯಿ, ನಿಮ್ಮ ಜೇಬಿನಿಂದಲೇ. ಎಷ್ಟೋ ಬ್ಯಾಂಕುಗಳು ಪ್ರೊಸೆಸಿಂಗ್ ಫೀ ಬೇರೆ ಹಾಕುತ್ತವೆ, ಅದರ ಮೇಲೂ ಜಿಎಸ್‌ಟಿ. ಜೊತೆಗೆ ಪೂರ್ತಿ ದುಡ್ಡು ಒಂದೇ ಸಲ ಕೊಡುವವರಿಗೆ ಅಂಗಡಿಯವರು ಬಿಡುವ ಐನೂರೋ ಸಾವಿರವೋ ನಿಮಗೆ ಸಿಗುವುದಿಲ್ಲ.

ಇನ್ನೂರು ಮುನ್ನೂರು ತಾನೇ ಅನ್ನಬೇಡಿ. 23,000ದಲ್ಲಿ ಆರು ತಿಂಗಳು 4,000 ಮೊದಲೇ ಹೋಗಿರುತ್ತದೆ. ನಮ್ಮ ತಂಗಿಯ ಮಗ ಹೀಗೇ ಕೊಡಿಸಿದ. ನಾಲ್ಕನೇ ಕಂತಿನ ಹೊತ್ತಿಗೆ ರೂಮ್ ಬದಲಾಯಿಸಿ ಅಡ್ವಾನ್ಸ್ ಕಟ್ಟಬೇಕಾಯಿತು, ಕಾರ್ಡ್ ಬಿಲ್ ತಪ್ಪಿತು. ಲೇಟ್ ಫೀ ಬಿತ್ತು, ಬಾಕಿಗೆ ಬಡ್ಡಿ ಬಿತ್ತು, ಸಾಲ ಕೊಡುವ ಮೊದಲು ಬ್ಯಾಂಕಿನವರು ನೋಡುವ ಸಿಬಿಲ್ ಸ್ಕೋರೂ ಇಳಿಯಿತು. ಆ ಹುಡುಗಿಗೆ ಗೊತ್ತಾದಾಗ, ಸುಮ್ನೆ ಯಾಕೆ ಸಾಲ ಮಾಡಿದೆ, ನಾನು ಕೇಳಿದ್ನಾ ಅಂತ ಅತ್ತುಬಿಟ್ಟಳು. ನನಗೆ ಇಬ್ಬರನ್ನೂ ನೋಡಿ ತುಂಬಾ ಬೇಜಾರಾಯಿತು. ಅವಳ ಮಾತು ನಿಮಗೂ ಹೇಳುತ್ತಿದ್ದೇನೆ, ಅವಳು ಕೇಳಿದಳಾ?

ಹಾಗಾದರೆ ಉಳಿಸಿದ ದುಡ್ಡು ಎಲ್ಲಿ ಇಡಬೇಕು? ಪೋಸ್ಟಾಫೀಸಿನ ಆರ್‌ಡಿ, ಅಂದರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಠೇವಣಿ, ನನಗೆ ಇಷ್ಟ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಅವಧಿ 5 ವರ್ಷ. ಶೇ. 6.7 ಬಡ್ಡಿಯಲ್ಲಿ ತಿಂಗಳಿಗೆ 1,000 ಕಟ್ಟಿದರೆ ನಿಮ್ಮ 60,000 ಸುಮಾರು 71,000 ಆಗಿ ಬರುತ್ತದೆ. ಮಧ್ಯೆ ತೆಗೆಯಬೇಕೆಂದರೆ 3 ವರ್ಷ ಆಗಿರಬೇಕು. ಈ ಕಟ್ಟುನಿಟ್ಟೇ ಒಳ್ಳೆಯದು, ವೀಕೆಂಡ್ ಬಂತು ಅಂತ ಕೈ ಹಾಕಲಾಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮದುವೆಯಾಗದೆ ಇಬ್ಬರೂ ಸೇರಿ ಖಾತೆ ತೆಗೆಯಬಹುದಾ? ತೆಗೆಯಬಹುದು. ಜಂಟಿ ಖಾತೆಗೆ ಗಂಡ ಹೆಂಡತಿಯೇ ಆಗಿರಬೇಕು ಅಂತಿಲ್ಲ. ಆದರೆ ಬ್ಯಾಂಕಿನಲ್ಲಿ ಇಬ್ಬರಲ್ಲಿ ಯಾರಾದರೂ ತೆಗೆಯಬಹುದು ಅನ್ನುವ ಥರ ತೆರೆದರೆ ಒಬ್ಬರೇ ಹೋಗಿ ಪೂರ್ತಿ ದುಡ್ಡು ತೆಗೆದುಕೊಂಡು ಬರಬಹುದು. ನಂಬಿಕೆ ಎಷ್ಟೇ ಇರಲಿ, ಈಗಲೇ ಅದು ಬೇಡ. ಪೋಸ್ಟಾಫೀಸಿನಲ್ಲಿ ಜಾಯಿಂಟ್ ಎ ಅಂತ ಒಂದಿದೆ, ಅದಕ್ಕೆ ಇಬ್ಬರ ಸಹಿಯೂ ಬೇಕು. ಮುಂದೆ ಒಟ್ಟಿಗೆ ಬದುಕುವ ಯೋಚನೆ ಇದ್ದರೆ ಅದನ್ನೇ ಕೇಳಿ. ಆಧಾರ್, ಪಾನ್, ಫೋಟೋ ಇಟ್ಟುಕೊಂಡು ಇಬ್ಬರೂ ಹೋಗಿ. ಬರ್ತ್‌ಡೇ ದಿನವೇ ಹೋದರೂ ಆಯಿತು.