ಪದ್ಯಕ್ಕೊಂದು ಹೆಸರು, ಧಾಟಿಗೊಂದು ಹೆಸರು

ಮದುವೆಗೋ ಶವಸಂಸ್ಕಾರಕ್ಕೋ ಹಾಡಿನ ಹಾಳೆ ಅಚ್ಚಿಗೆ ಹೋಗುವ ಮುಂಚೆ ಮನೆಯವರು ಒಮ್ಮೆ ನನಗೆ ತೋರಿಸುತ್ತಾರೆ. ಚರ್ಚಿನಲ್ಲಿ ಆರ್ಗನ್ ನುಡಿಸುವವನಿಗೆ ಇದೂ ಕೆಲಸವೇ. ಹೆಚ್ಚುಕಡಿಮೆ ಪ್ರತಿ ಸಲವೂ ಅದೇ ತಪ್ಪು: 'ಅಮೇಜಿಂಗ್ ಗ್ರೇಸ್, ಸಾಹಿತ್ಯ ಮತ್ತು ಸಂಗೀತ: ಜಾನ್ ನ್ಯೂಟನ್.' ತಿದ್ದಿ ಕಳಿಸಿದರೆ ಫೋನ್ ಬರುತ್ತದೆ. "ಅವರೇ ಅಲ್ವಾ ಸರ್ ಬರೆದಿದ್ದು? ಯೂಟ್ಯೂಬಲ್ಲಿ ಹಾಗೇ ಇದೆ."

ಪದ್ಯ ಬರೆದದ್ದು ಅವರೇ. ಧಾಟಿ ಅವರದಲ್ಲ. ಭಾವಗೀತೆಯ ಕ್ಯಾಸೆಟ್ಟಿನ ಮೇಲೆ ಕವಿಯ ಹೆಸರನ್ನೂ ಸಂಗೀತ ಸಂಯೋಜಕರ ಹೆಸರನ್ನೂ ಬೇರೆ ಬೇರೆಯಾಗಿ ಓದಿಕೊಂಡೇ ಬೆಳೆದ ನಾವು, ಚರ್ಚಿನ ಹಾಡು ಬಂದ ಕೂಡಲೇ ಅದನ್ನು ಮರೆಯುವುದು ಯಾಕೆ?

ಇಂಗ್ಲೆಂಡಿನ ಓಲ್ನಿಯಲ್ಲಿ ಪಾದ್ರಿಯಾಗಿದ್ದ ನ್ಯೂಟನ್ 1773ರ ಹೊಸವರ್ಷದ ಆರಾಧನೆಗಾಗಿ ಈ ಸಾಲುಗಳನ್ನು ಬರೆದರು. 1779ರಲ್ಲಿ, ಅವರೂ ಕವಿ ವಿಲಿಯಂ ಕೂಪರರೂ ಸೇರಿ ತಂದ 'ಓಲ್ನಿ ಹಿಮ್ಸ್' ಪುಸ್ತಕದಲ್ಲಿ ಅಚ್ಚಾದವು. ಅದರಲ್ಲಿ ಸ್ವರಲಿಪಿಯೇ ಇಲ್ಲ. ನಾವು ಹಾಡುವ 'ನ್ಯೂ ಬ್ರಿಟನ್' ಧಾಟಿಗೆ ಪದ್ಯವನ್ನು ಕೂಡಿಸಿದವರು ಅಮೆರಿಕದ ವಿಲಿಯಂ ವಾಕರ್, 1835ರ 'ಸದರ್ನ್ ಹಾರ್ಮನಿ'ಯಲ್ಲಿ. ಅಷ್ಟೊತ್ತಿಗೆ ನ್ಯೂಟನ್ ತೀರಿಕೊಂಡು 28 ವರ್ಷ ಕಳೆದಿತ್ತು. ಪಾದ್ರಿಯಾಗುವ ಮುಂಚೆ ಗುಲಾಮರನ್ನು ಸಾಗಿಸುವ ಹಡಗಿನಲ್ಲಿದ್ದ ನ್ಯೂಟನ್, ಅದರ ತಳದಲ್ಲಿ ಗುಲಾಮರು ಗುನುಗಿದ್ದನ್ನು ಕೇಳಿ ಧಾಟಿ ಕಟ್ಟಿದರೆಂಬ ಕಥೆಗೆ ಆಧಾರವಿಲ್ಲ. ದಯವಿಟ್ಟು ಅದನ್ನು ಹಾಳೆಯಲ್ಲಿ ಹಾಕಬೇಡಿ.

ಯಾರದೋ ಪದ್ಯ ಯಾರದೋ ಧಾಟಿಗೆ ಕೂರುವುದು ಅಳತೆಯಿಂದ. ಅಮೇಜಿಂಗ್ ಗ್ರೇಸ್‌ನಲ್ಲಿ ಮೊದಲ ಸಾಲಿಗೆ 8 ಉಚ್ಚಾರದ ಘಟಕ (ಸಿಲಬಲ್), ಎರಡನೆಯದಕ್ಕೆ 6, ಮತ್ತೆ 8, ಮತ್ತೆ 6. ಇದಕ್ಕೆ ಕಾಮನ್ ಮೀಟರ್ ಅನ್ನುತ್ತೇವೆ. ಈ ಅಳತೆಯ ಪದ್ಯವನ್ನು ಇದೇ ಅಳತೆಯ ಯಾವ ಧಾಟಿಯಲ್ಲಾದರೂ ಹಾಡಬಹುದು. ನಂಬಿಕೆ ಬರದಿದ್ದರೆ ಐಸಾಕ್ ವಾಟ್ಸ್ 1719ರಲ್ಲಿ ಪ್ರಕಟಿಸಿದ 'ಜಾಯ್ ಟು ದ ವರ್ಲ್ಡ್' ಸಾಲುಗಳನ್ನು ಅಮೇಜಿಂಗ್ ಗ್ರೇಸ್ ಧಾಟಿಯಲ್ಲಿ ಹಾಡಿ ನೋಡಿ. ಮೊದಲ ಪದದ ಒತ್ತು ಕೊಂಚ ಅತ್ತಿತ್ತ ಆದೀತು, ಉಳಿದದ್ದೆಲ್ಲ ಸರಾಗ. ಎಲ್ಲ ಹಾಡಿಗೂ ಅಳತೆ ಹೊಂದಿದರೆ ಸಾಕು ಅಂತ ನಾನು ಹೇಳುತ್ತಿಲ್ಲ, ಭಾವವೂ ಹೊಂದಬೇಕು. ಆದರೆ ಒಂದು ಪದ್ಯಕ್ಕೆ ಒಂದೇ ಧಾಟಿ ಅಂತ ಇಲ್ಲವೇ ಇಲ್ಲ.

ಹಾಳೆಯಲ್ಲಿ ಧಾಟಿಯ ಹೆಸರು ಬಿಟ್ಟರೆ ನಿಜವಾದ ತೊಂದರೆ ಆಗುತ್ತದೆ. 'ನಿಯರರ್ ಮೈ ಗಾಡ್ ಟು ದೀ' 1841ರಲ್ಲಿ ಪ್ರಕಟವಾದ ಸಾರಾ ಫ್ಲವರ್ ಆಡಮ್ಸ್ ಅವರ ಪದ್ಯ. ಅಮೆರಿಕದಲ್ಲಿ ಇದನ್ನು ಲೋವೆಲ್ ಮೇಸನ್ನರ 'ಬೆಥನಿ' ಧಾಟಿಯಲ್ಲಿ ಹಾಡುತ್ತಾರೆ, ಬ್ರಿಟನ್ನಿನಲ್ಲಿ ಜಾನ್ ಡೈಕ್ಸರ 'ಹಾರ್ಬರಿ'ಯಲ್ಲಿ. ಟೈಟಾನಿಕ್ ಮುಳುಗುವಾಗ ವಾದ್ಯದವರು ಇದನ್ನು ನುಡಿಸಿದರೆಂಬ ಮಾತಿನ ಸುತ್ತ, ಹಾಗಾದರೆ ಯಾವ ಧಾಟಿ ಎಂಬ ಜಗಳ ಇವತ್ತಿಗೂ ಮುಗಿದಿಲ್ಲ. ನಮ್ಮಲ್ಲೂ ಒಂದು ಸಂಸ್ಕಾರಕ್ಕೆ ಹಾಳೆಯಲ್ಲಿ ಪದ್ಯದ ಹೆಸರಷ್ಟೇ ಕೊಟ್ಟಿದ್ದರು. ನಾನು ಬೆಥನಿ ಎತ್ತಿಕೊಂಡೆ. ಇಂಗ್ಲೆಂಡಿನಿಂದ ಬಂದಿದ್ದ ಮೊಮ್ಮಕ್ಕಳಿಗೆ ಆ ಧಾಟಿ ಗೊತ್ತಿರಲಿಲ್ಲ. ಅಜ್ಜಿಗಾಗಿ ಹಾಡಲೆಂದೇ ಅಷ್ಟು ದೂರದಿಂದ ಬಂದ ಮಕ್ಕಳು ಬಾಯಿ ಮುಚ್ಚಿ ನಿಂತುಬಿಟ್ಟರು.

'ಇಟ್ ಈಸ್ ವೆಲ್'ನ ಕಥೆಯನ್ನು ಎಲ್ಲರೂ ಹೇಳುತ್ತಾರೆ: 1873ರ ನವೆಂಬರಿನಲ್ಲಿ ವಿಲ್ ದು ಹಾವ್ರ್ ಹಡಗು ಮುಳುಗಿ ಚಿಕಾಗೋದ ವಕೀಲ ಹೊರೇಷಿಯೋ ಸ್ಪಾಫರ್ಡರ ನಾಲ್ವರು ಹೆಣ್ಣುಮಕ್ಕಳು ತೀರಿಕೊಂಡದ್ದು, ಆ ದುಃಖದಲ್ಲಿ ಅವರು ಈ ಪದ್ಯ ಬರೆದದ್ದು. ಧಾಟಿ ಕೊಟ್ಟ ಫಿಲಿಪ್ ಬ್ಲಿಸ್ ಯಾರಿಗೂ ನೆನಪಾಗುವುದಿಲ್ಲ. ಆ ಧಾಟಿಗೆ ಮುಳುಗಿದ ಹಡಗಿನದೇ ಹೆಸರು. ಅದು ಅಚ್ಚಾದ 1876ರಲ್ಲೇ, ಡಿಸೆಂಬರ್ 29ರಂದು, ಓಹಾಯೋದ ಆಷ್ಟಬ್ಯುಲಾದಲ್ಲಿ ಸೇತುವೆ ಕುಸಿದು ರೈಲು ಬಿತ್ತು. ಬ್ಲಿಸ್ ಮತ್ತು ಅವರ ಹೆಂಡತಿ ಇಬ್ಬರೂ ಸತ್ತರು. ಬ್ಲಿಸ್ಸರಿಗೆ ಆಗ 38 ವರ್ಷ.

ನನಗೆ ಇನ್ನೂ ಸಂಕಟವಾಗುವುದು ಫೀಬಿ ನ್ಯಾಪ್ ವಿಷಯದಲ್ಲಿ. 'ಬ್ಲೆಸ್ಡ್ ಅಶ್ಯೂರೆನ್ಸ್'ನಲ್ಲಿ ಮೊದಲು ಹುಟ್ಟಿದ್ದು ಧಾಟಿ. 1873ರಲ್ಲಿ ನ್ಯಾಪ್ ತಾವು ಕಟ್ಟಿದ್ದನ್ನು ಗೆಳತಿ ಫ್ಯಾನಿ ಕ್ರಾಸ್ಬಿಗೆ ನುಡಿಸಿ ತೋರಿಸಿ, ಇದು ಏನು ಹೇಳುತ್ತದೆ ಎಂದು ಕೇಳಿದರು. ಸಾವಿರಾರು ಹಾಡು ಬರೆದ ಆ ಅಂಧ ಕವಯಿತ್ರಿ ಕೊಟ್ಟ ಉತ್ತರವೇ ಹಾಡಿನ ಮೊದಲ ಮಾತು. ನಮ್ಮ ಹಾಳೆಗಳಲ್ಲಿ ಕ್ರಾಸ್ಬಿ ಇರುತ್ತಾರೆ, ನ್ಯಾಪ್ ಇರುವುದಿಲ್ಲ.

ಹಳೆಯದೆಲ್ಲ ಬಿಟ್ಟಿ ಎಂಬ ಧೈರ್ಯವೂ ಬೇಡ. 'ಹೌ ಗ್ರೇಟ್ ದೌ ಆರ್ಟ್'ನ ಮೂಲ 1885ರ ಸ್ವೀಡಿಷ್ ಪದ್ಯ, ಬರೆದವರು ಕಾರ್ಲ್ ಬೊಬೆರಿ. ಆದರೆ ನಾವು ಹಾಡುವ ಇಂಗ್ಲಿಷ್ ಸಾಲುಗಳು ಸ್ಟುವರ್ಟ್ ಹೈನ್ ಅವರವು, ಅವರು ತೀರಿಕೊಂಡದ್ದು 1989ರಲ್ಲಿ. ನಮ್ಮ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯಂತೆ ಕರ್ತೃ ಸತ್ತ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಆರಾಧನೆಯಲ್ಲಿ ಹಾಡುವುದು ಬೇರೆ, ಪುಸ್ತಕ ಮಾಡಿ ಮಾರುವುದು, ರೆಕಾರ್ಡ್ ಮಾಡಿ ಬಿಡುವುದು ಬೇರೆ. ನಾನು ವಕೀಲನಲ್ಲ, ಬಲ್ಲವರನ್ನು ಕೇಳಿಕೊಳ್ಳಿ.

ಹೆಸರು ಹುಡುಕಲು ಇಂಟರ್ನೆಟ್ಟೂ ಬೇಕಿಲ್ಲ. ಸ್ವರಲಿಪಿ ಇರುವ ಇಂಗ್ಲಿಷ್ ಹಾಡಿನ ಪುಸ್ತಕ ತೆರೆಯಿರಿ. ಸಾಮಾನ್ಯವಾಗಿ ಎಡಮೂಲೆಯಲ್ಲಿ ಪದ್ಯ ಬರೆದವರು, ಬಲಮೂಲೆಯಲ್ಲಿ ಧಾಟಿ ಕಟ್ಟಿದವರು, ಅಲ್ಲೇ ಧಾಟಿಯ ಹೆಸರು ಮತ್ತು ಅಳತೆ ಇರುತ್ತವೆ. ಕೆಲವು ಪುಸ್ತಕಗಳಲ್ಲಿ ಇವೆಲ್ಲ ಪುಟದ ಕೆಳಗಿರುತ್ತವೆ. ಎರಡೂ ಹೆಸರು ಬರೆದುಕೊಳ್ಳಿ, ಜೊತೆಗೆ ಧಾಟಿಯ ಹೆಸರನ್ನೂ. ನಾನು ನುಡಿಸಬೇಕಾದದ್ದು ಅದನ್ನೇ.