ಸಮುದ್ರವೂ ಒಂದು ಥರ್ಮಾಮೀಟರ್

ಸಮುದ್ರದ ಮಟ್ಟ ಯಾಕೆ ಏರುತ್ತಿದೆ ಎಂದು ಮಕ್ಕಳನ್ನು ಕೇಳಿದರೆ ಥಟ್ಟನೆ ಬರುವ ಉತ್ತರ, "ಧ್ರುವದಲ್ಲಿ ಹಿಮ ಕರಗ್ತಿದೆ." ಇದು ಅರ್ಧ ಉತ್ತರ. ಅದರಲ್ಲೂ ಒಂದು ಎಡವಟ್ಟಿದೆ. ಉತ್ತರ ಧ್ರುವದ ಸುತ್ತ ತೇಲುವ ಹಿಮ ಕರಗಿದರೆ ನೀರು ಏರುವುದೇ ಇಲ್ಲ ಅನ್ನಬಹುದು. ತೇಲುವಾಗಲೇ ಅದು ತನ್ನ ಪಾಲಿನ ಜಾಗ ಹಿಡಿದಿರುತ್ತದೆ. ಮಟ್ಟ ಏರಿಸುವುದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ ಮತ್ತು ಬೆಟ್ಟಗಳಲ್ಲಿ ನೆಲದ ಮೇಲೆ ಕೂತಿರುವ ಹಿಮ.

ಇನ್ನರ್ಧ ಉತ್ತರ ನನಗೆ ಅಚ್ಚುಮೆಚ್ಚು: ಬಿಸಿಯಾದ ನೀರು ಹಿಗ್ಗುತ್ತದೆ. 1971ರಿಂದ 2018ರವರೆಗಿನ ಏರಿಕೆಯಲ್ಲಿ ಸುಮಾರು ಅರ್ಧ ಹೀಗೇ ಆದದ್ದು. ಅದಕ್ಕೆ ಒಂದು ಹನಿ ಹೊಸ ನೀರೂ ಬೇಕಾಗಲಿಲ್ಲ!

ಜ್ವರ ನೋಡುವ ಹಳೆಯ ಥರ್ಮಾಮೀಟರ್ ನೆನಪಿಸಿಕೊಳ್ಳಿ. ಪಾದರಸಕ್ಕೆ ಪಕ್ಕಕ್ಕೆ ಹೋಗಲು ಜಾಗವಿಲ್ಲ, ಮೇಲಕ್ಕೆ ಹತ್ತುತ್ತದೆ. ಸಮುದ್ರಕ್ಕೂ ಕೆಳಗೆ ತಳ, ಪಕ್ಕದಲ್ಲಿ ದಡ. ಅಥವಾ ಒಂದೇ ಬೆಂಚಿನ ಮೇಲೆ ಒತ್ತಾಗಿ ಕೂತ ಮಕ್ಕಳನ್ನು ನೋಡಿ. ಸುಮ್ನೆ ಕೂತಾಗ ಎಲ್ಲರಿಗೂ ಜಾಗ ಸಾಕು. ಎಲ್ಲರೂ ಮೈ ಕುಣಿಸತೊಡಗಿದರೆ ತುದಿಯವನು ಕೆಳಗೆ ಬೀಳುತ್ತಾನೆ, ಅಲ್ವಾ? ಬಿಸಿ ನೀರಿನ ಅಣುಗಳದ್ದೂ ಇದೇ ಕುಣಿತ. 20 ಡಿಗ್ರಿಯ ಸಮುದ್ರದ ನೀರು ಇನ್ನೊಂದು ಡಿಗ್ರಿ ಬಿಸಿಯಾದರೆ ಹಿಗ್ಗುವುದು ಹತ್ತು ಸಾವಿರಕ್ಕೆ ಬರೀ ಎರಡೂವರೆ ಪಾಲು. ಲೋಟದಲ್ಲಿ ಅದು ಕಣ್ಣಿಗೇ ಕಾಣದು. ಆದರೆ ನೂರು ಮೀಟರ್ ಆಳದ ನೀರಾದರೆ ಎರಡೂವರೆ ಸೆಂಟಿಮೀಟರ್ ಮೇಲೇರುತ್ತದೆ. ಭೂಮಿಯಲ್ಲಿ ಸೇರಿಕೊಳ್ಳುತ್ತಿರುವ ಹೆಚ್ಚುವರಿ ಶಾಖದಲ್ಲಿ ನೂರಕ್ಕೆ 90 ಪಾಲು ಸಮುದ್ರದ ಹೊಟ್ಟೆಗೇ ಹೋಗುತ್ತಿದೆ.

ಕ್ಲಾಸಿನಲ್ಲಿ ತೋರಿಸಲು ಗಾಜಿನ ಬಾಟಲಿ, ಬಣ್ಣದ ನೀರು, ಬಿರಡೆಯಲ್ಲಿ ತೂರಿಸಿದ ತೆಳು ಕೊಳವೆ ಸಾಕು. ಬಾಟಲಿಯನ್ನು ಗಾಳಿಯಿಲ್ಲದಂತೆ ತುಂಬಿಸಿ ಬೆಚ್ಚನೆಯ ನೀರಿನಲ್ಲಿಡಿ. ಕೊಳವೆಯಲ್ಲಿ ಬಣ್ಣ ಹತ್ತುವುದನ್ನು ಕಣ್ಣಾರೆ ಕಂಡ ಮಗುವಿಗೆ "ಸಮುದ್ರಕ್ಕೆ ಸಿಟ್ಟು ಬಂದಿದೆ" ಎಂಬ ಮಾತು ಸಾಲದು. ಆ ಮಾತಿನಿಂದ ಪ್ರಶ್ನೆ ಕೇಳುವ ಬಾಯಿ ಮುಚ್ಚಿಸುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಥರ್ಮಾಮೀಟರಿನ ಡಿಗ್ರಿಗೆ ಹೆಸರು ಕೊಟ್ಟ ಆಂಡರ್ಸ್ ಸೆಲ್ಸಿಯಸ್ ಸಮುದ್ರದ ಮಟ್ಟವನ್ನೂ ಅಳೆಯಹೊರಟಿದ್ದ! 1731ರಲ್ಲಿ ಸ್ವೀಡನ್ನಿನ ಕರಾವಳಿಯ ಒಂದು ಬಂಡೆಯ ಮೇಲೆ ನೀರಿನ ಮಟ್ಟದ ಗುರುತು ಕೆತ್ತಿಸಿದ. ಅಲ್ಲಿ ನೀರು ಕೆಳಗಿಳಿಯುತ್ತಿತ್ತು. ಸಮುದ್ರವೇ ಬತ್ತುತ್ತಿದೆ ಎಂದುಕೊಂಡ. ನಿಜದಲ್ಲಿ ಮೇಲೇಳುತ್ತಿದ್ದದ್ದು ನೆಲ. ಹಿಮಯುಗದಲ್ಲಿ ಮೇಲೆ ಕೂತಿದ್ದ ಹಿಮ ಕರಗಿ ಭಾರ ಇಳಿದ ಮೇಲೆ ಅಲ್ಲಿನ ನೆಲ ಇವತ್ತಿಗೂ ಶತಮಾನಕ್ಕೆ ಅರ್ಧ ಮೀಟರಿಗಿಂತ ಜಾಸ್ತಿ ಏಳುತ್ತಿದೆ, ಮಲಗಿದವರು ಎದ್ದ ಮೇಲೆ ಹಾಸಿಗೆ ಉಬ್ಬುವ ಹಾಗೆ. ಇಂಡೋನೇಷ್ಯಾದ ಜಕಾರ್ತದಲ್ಲಿ ಇದರ ಉಲ್ಟಾ. ಅಂತರ್ಜಲ ಎಳೆದು ಎಳೆದು ನೆಲವೇ ಕುಸಿಯುತ್ತಿದೆ, ಸಮುದ್ರ ಇನ್ನೂ ಬೇಗ ಮೇಲೆ ಬಂದಂತಾಗುತ್ತದೆ. ಹಾಗಾಗಿ ಪಾಠದ ಪುಸ್ತಕದಲ್ಲಿರುವ ಸರಾಸರಿ ಅಂಕಿ ತಮ್ಮ ದಡಕ್ಕೆ ಹಾಗೇ ಹೊಂದುವುದಿಲ್ಲ ಎಂಬುದು ಮಕ್ಕಳಿಗೆ ಗೊತ್ತಿರಬೇಕು.

ಸೆಲ್ಸಿಯಸ್‌ನ ಕೆಲಸವನ್ನು ಕಡಲತೀರದ ಯಾವ ಶಾಲೆಯೂ ಮಾಡಬಹುದು. ಜೆಟ್ಟಿಯ ಗೋಡೆಗೆ ಒಂದು ಅಳತೆಪಟ್ಟಿ, ಒಂದು ನೋಟ್‌ಬುಕ್. ಒಂದು ದಿನದ ಅಳತೆಯಿಂದ ಏನೂ ತಿಳಿಯದು. ಉಬ್ಬರ ಇಳಿತಗಳು ದಿನಕ್ಕೆ ಮೀಟರುಗಟ್ಟಲೆ ಆಗುವ ಕಡೆಗಳಿವೆ. ಸಮುದ್ರದ ಸರಾಸರಿ ಏರಿಕೆ 2006ರಿಂದ 2018ರವರೆಗೆ ವರ್ಷಕ್ಕೆ 3.7 ಮಿಲಿಮೀಟರ್ ಮಾತ್ರ. ಐದು ವರ್ಷ ಅಳೆದರೂ ಎರಡು ಸೆಂಟಿಮೀಟರ್ ದಾಟದು. ಅಷ್ಟರಲ್ಲಿ ಬರೆದ ಮಕ್ಕಳು ಶಾಲೆ ಬಿಟ್ಟಿರುತ್ತಾರೆ. ಅದಕ್ಕೇ ಆ ನೋಟ್‌ಬುಕ್ಕನ್ನು ಮುಂದಿನ ತರಗತಿಯ ಕೈಗೆ ಕೊಟ್ಟು ಹೋಗಬೇಕು.